ಟೈಂಟೇಬಲ್ ಬರೆಯುವ ಮುನ್ನ ಶಿಫ್ಟ್ ಕೇಳಿ

ಬೆಳಿಗ್ಗೆ ಹೆಬ್ಬಗೋಡಿ ಬಸ್‌ಸ್ಟಾಪಿನಲ್ಲಿ ನಿಂತು ನೋಡಿ. ಒಂದೇ ಬ್ಯಾಗಿನಲ್ಲಿ ನೋಟ್‌ಬುಕ್ಕೂ ಊಟದ ಡಬ್ಬಿಯೂ ಇಟ್ಟುಕೊಂಡ ಹುಡುಗ ಹುಡುಗಿಯರು ಸಿಗುತ್ತಾರೆ. ಮೊದಲು ಡಿಗ್ರಿ ಕ್ಲಾಸ್, ಮಧ್ಯಾಹ್ನ ಎರಡಕ್ಕೆ ಕಾರ್ಖಾನೆಯ ಶಿಫ್ಟ್.

ಕಾಲೇಜಿನ ಟೈಂಟೇಬಲ್ ಇವರನ್ನು ನೆನೆದು ಬರೆದದ್ದಲ್ಲ. ಒಂಬತ್ತೂವರೆಗೆ ಒಂದು ಕ್ಲಾಸ್, ನಡುವೆ ಎರಡು ಗಂಟೆ ಖಾಲಿ, ಮೂರಕ್ಕೆ ಇನ್ನೊಂದು. ನಾವು ಓದಿದ್ದೂ ಹೀಗೇ. ಮೂರರ ಕ್ಲಾಸ್ ತಪ್ಪಿಸಿಕೊಂಡ ಗೆಳೆಯರ ಹಾಜರಾತಿ ಶೇ 75 ಮುಟ್ಟಲಿಲ್ಲ. ಅವರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂದುಬಿಟ್ಟರು.

ಪ್ರಾಂಶುಪಾಲರ ಕಷ್ಟವೂ ನಮಗೆ ಗೊತ್ತು. ಕೊಠಡಿ ಕಡಿಮೆ, ಅತಿಥಿ ಉಪನ್ಯಾಸಕರಿಗೆ ವಾರಕ್ಕೆ ಇಂತಿಷ್ಟೇ ಗಂಟೆ. ಆದರೆ 2021ರಲ್ಲಿ ಎನ್‌ಇಪಿ ಬಂದಾಗ ಪಾಠಗಳ ಪಟ್ಟಿ ಬದಲಾಯಿತು. 2024ರಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಾಗಲೂ ಬದಲಾಯಿತು. ಸರ್ಕಾರ ಹೇಳಿದಾಗ ಟೈಂಟೇಬಲ್ ಬದಲಾಗುತ್ತದೆ ಅಂದಮೇಲೆ, ಮಕ್ಕಳಿಗಾಗಿ ಯಾಕಾಗಬಾರದು?

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಹೆಬ್ಬಗೋಡಿ ದಾಟಿ ಬೊಮ್ಮಸಂದ್ರದವರೆಗೆ ಬಂತು. ದಾರಿ ಸುಲಭವಾಗಿದೆ. ಇನ್ನು ಗಂಟೆ ಸರಿಹೋಗಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಅಡ್ಮಿಶನ್ ಫಾರಂನಲ್ಲಿ ಎರಡು ಪ್ರಶ್ನೆ ಸೇರಿಸಿ: ಯಾವ ಊರಿಂದ ಬರುತ್ತೀರಿ? ಕೆಲಸಕ್ಕೆ ಹೋಗುವುದಾದರೆ ಎಷ್ಟು ಗಂಟೆಗೆ? ಆ ಉತ್ತರ ನೋಡಿ, ಪಾಸಾಗಲು ಬೇಕೇಬೇಕಾದ ವಿಷಯಗಳನ್ನು ಬೆಳಿಗ್ಗೆಯೇ ಒಟ್ಟಿಗೆ ಮುಗಿಸಿ.

ಅಪ್ಪ ಅಮ್ಮಂದಿರೇ, ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕೇಳುವ ಮೊದಲು ಟೈಂಟೇಬಲ್ ಕೇಳಿ.