ಯಾವ ಪುಸ್ತಕದಲ್ಲಿ ಬರೆದುಕೊಂಡರು?



ಕೊಂಡ್ಲಹಳ್ಳಿಯ ತಂಗಿಯೊಬ್ಬಳು ಸಂಘದ ವಾರದ ಸಭೆಗೆ ಬಂದಾಗ ಅವಳ ಎಡಗೈ ಬಾತುಕೊಂಡಿತ್ತು. ಉಳಿತಾಯದ ಹಣವನ್ನು ಬಲಗೈಯಲ್ಲೇ ಎಣಿಸಿ ಕೊಟ್ಟಳು. ತವರಿನಿಂದ ಮೋಟಾರ್ ಸೈಕಲ್ಲಿಗೆ ದುಡ್ಡು ತರಲಿಲ್ಲವೆಂದು ಗಂಡ ಹೊಡೆದಿದ್ದ. ಎರಡು ತಿಂಗಳ ಹಿಂದೆಯೇ ಅವಳು ಠಾಣೆಯ ಮೆಟ್ಟಿಲು ಹತ್ತಿದ್ದಳು. "ಸಾಹೇಬ್ರು ಬರ್ಕಂಡ್ರು ಅಕ್ಕಾ. ಅವುನ್ನ ಕರೆಸಿ ಬೈದ್ರು. ಇನ್ಮೇಲೆ ಹೊಡಿಯಲ್ಲ ಅಂತ ಸೈನು ಹಾಕಿಸ್ಕಂಡ್ರು" ಎಂದಳು. "ಯಾವ ಪುಸ್ತಕದಾಗೆ ಬರ್ಕಂಡ್ರು?" ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅವಳ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಮಾರನೆಯ ದಿನ ನಾಲ್ಕು ಜನ ಕೂಡಿ ಠಾಣೆಗೆ ಹೋದೆವು. ಅವಳ ದೂರು ಬರೀ ಅರ್ಜಿಯಾಗಿ ದಾಖಲಾಗಿ, 'ಉಭಯತ್ರರು ರಾಜಿಯಾಗಿದ್ದಾರೆ' ಎಂಬ ಒಂದು ಸಾಲಿನೊಂದಿಗೆ ಮುಗಿದುಹೋಗಿತ್ತು. ಅವಳ ಪಾಲಿಗೆ ಅದು ಕೇಸು. ಠಾಣೆಯ ಪಾಲಿಗೆ ವಿಲೇವಾರಿಯಾದ ಕಾಗದ.

ಸಂಘ ನಡೆಸುವ ನಮಗೆ ಪುಸ್ತಕದ ಬೆಲೆ ಗೊತ್ತು. ನಡಾವಳಿ ಪುಸ್ತಕದಲ್ಲಿಲ್ಲದ ಠರಾವು ಠರಾವಲ್ಲ, ಸಾಲದ ಲೆಡ್ಜರಿನಲ್ಲಿ ಏರದ ಕಂತು ಕಟ್ಟಿದ ಕಂತಲ್ಲ. ಪೊಲೀಸ್ ಠಾಣೆ ನಡೆಯುವುದೂ ಹಾಗೆಯೇ. ಅಲ್ಲಿ ಎಷ್ಟು ಅತ್ತೆವು, ಸಾಹೇಬರು ಎಷ್ಟು ಮರುಕ ತೋರಿಸಿದರು ಎಂಬುದು ಲೆಕ್ಕಕ್ಕಿಲ್ಲ. ನಮ್ಮ ಮಾತು ಯಾವ ಪುಸ್ತಕಕ್ಕೆ ಏರಿತು ಎಂಬುದಷ್ಟೇ ಲೆಕ್ಕ.

ಅರ್ಜಿಯಾದರೆ ಕರೆಸಿ ವಿಚಾರಿಸಿ ಮುಗಿಸಬಹುದು. ಎನ್.ಸಿ. ಎಂದು ಬರೆದರೆ ನ್ಯಾಯಾಧೀಶರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎಫ್.ಐ.ಆರ್. ಆದರೆ ಮಾತ್ರ ತನಿಖೆ ನಡೆದು ವರದಿ ನ್ಯಾಯಾಲಯಕ್ಕೆ ಹೋಗಲೇಬೇಕು. ಇನ್ನೊಂದಿದೆ, ಯು.ಡಿ.ಆರ್. ಅಂದರೆ ಅಸ್ವಾಭಾವಿಕ ಸಾವಿನ ವರದಿ. ಮೊದಲ ಮೂರು ಬದುಕಿರುವವಳಿಗೆ. ನಾಲ್ಕನೆಯದು ಅವಳು ಸತ್ತ ಮೇಲೆ ತೆರೆಯುವ ಪುಸ್ತಕ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ಇಂಥ ದಾಖಲೆಗಳನ್ನೇ ಕೂಡಿಹಾಕಿ ಸರ್ಕಾರದ ಮುಂದಿಟ್ಟರು. ಸ್ಟೌವ್ ಸಿಡಿದು ಸತ್ತಳು, ಅಡುಗೆಮನೆಯಲ್ಲಿ ಅಪಘಾತವಾಯಿತು ಎಂದು ಎಷ್ಟೋ ಮದುವೆಯಾದ ಹೆಣ್ಣುಮಕ್ಕಳ ಸಾವುಗಳು ಮುಚ್ಚಿಹೋಗಿದ್ದವು. ಸ್ಟೌವ್ ಸೊಸೆಯ ಕೈಯಲ್ಲೇ ಏಕೆ ಸಿಡಿಯುತ್ತದೆ, ಅತ್ತೆಯ ಕೈಯಲ್ಲಿ ಏಕಿಲ್ಲ ಎಂದು ಕೇಳುವವರು ಬೇಕಾಗಿದ್ದರು.

ಕಾನೂನು ಇಲ್ಲವೆಂದಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498-ಎ ಕಲಂ ಬಂದದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304-ಬಿ ಬಂದದ್ದು 1986ರಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಇವು 85, 86 ಮತ್ತು 80ನೇ ಕಲಂಗಳಾಗಿವೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ. 'ಆ ಸೆಕ್ಷನ್ ಈಗ ಇಲ್ಲಮ್ಮ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಠಾಣೆಗೆ ಅರ್ಜಿಯೇ ಏಕೆ ಇಷ್ಟ? ನ್ಯಾಯವಾಗಿ ಹೇಳಬೇಕೆಂದರೆ ಸಣ್ಣ ಊರಿನ ಠಾಣೆ ನಡೆಸುವುದು ಸುಲಭವಲ್ಲ. ಒಬ್ಬ ಪಿ.ಎಸ್.ಐ., ಕೆಲವು ಮುಖ್ಯ ಪೇದೆಗಳು, ಪೇದೆಗಳು, ಸುತ್ತ ಹತ್ತಾರು ಹಳ್ಳಿಗಳು. ನಾಯಕನಹಟ್ಟಿ ತೇರು, ಗೌರಸಮುದ್ರ ಮಾರಮ್ಮನ ಜಾತ್ರೆ ಬಂದರೆ ಬಂದೋಬಸ್ತಿಗೆ ಜನ ಹೊರಟರು. ಚುನಾವಣೆ ಬಂತು, ಮಂತ್ರಿ ಬಂದರು, ಹೆದ್ದಾರಿಯಲ್ಲಿ ಲಾರಿ ಮಗುಚಿತು. ಒಬ್ಬರು ಸಮನ್ಸ್ ಹಂಚಲು, ಇನ್ನೊಬ್ಬರು ಕೋರ್ಟಿಗೆ. ಎಫ್.ಐ.ಆರ್. ಎಂದರೆ ಸ್ಥಳ ಮಹಜರು, ಸಾಕ್ಷಿ ಹೇಳಿಕೆ, ವೈದ್ಯರ ವರದಿ, ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದಾಟ. ರಾಜಿ ಎಂದರೆ ಅರ್ಧ ಗಂಟೆಯ ಕೆಲಸ.

ಇದೆಲ್ಲ ನಿಜ. ಆದರೆ ಮೋಟಾರ್ ಸೈಕಲ್ ಕಳುವಾದರೆ ಕಳ್ಳನನ್ನೂ ಮಾಲೀಕನನ್ನೂ ಕೂರಿಸಿ ರಾಜಿ ಮಾಡಿಸುತ್ತಾರೆಯೇ? ಹೆಂಗಸಿನ ಕೈ ಮುರಿದಾಗ ಮಾತ್ರ 'ಸಂಸಾರ ಅಂದಮೇಲೆ ಇದ್ದದ್ದೇ' ಎಂಬ ಮಾತು ಬರುತ್ತದೆ. ಇದು ಸಿಬ್ಬಂದಿಯ ಕೊರತೆಯಲ್ಲ, ಹೆಣ್ಣಿನ ನೋವನ್ನು ಅಪರಾಧವೆಂದು ಕಾಣದ ಮನಸ್ಸಿನ ಕೊರತೆ. ಆ ಮನಸ್ಸು ಖಾಕಿಯೊಳಗೆ ಹುಟ್ಟಿದ್ದಲ್ಲ. ನಮ್ಮ ಕಟ್ಟೆ ಪಂಚಾಯಿತಿಯಲ್ಲಿದೆ, ನಮ್ಮ ತವರುಮನೆಗಳಲ್ಲೂ ಇದೆ. ನಮ್ಮ ಸೀಮೆಯ ಎಷ್ಟೋ ಸಮುದಾಯಗಳಲ್ಲಿ ಹಿಂದೆ ಗಂಡಿನವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಅಂಥ ಮನೆಗಳಲ್ಲೂ ಈಗ ಹೆಣ್ಣಿನ ಕಡೆಯವರು ಸಾಲ ಮಾಡಿ ಬಂಗಾರ, ಗಾಡಿ ಕೊಡುತ್ತಿದ್ದಾರೆ. ಕೆಲವೊಮ್ಮೆ ಆ ಸಾಲ ನಮ್ಮ ಸಂಘದ್ದೇ ಆಗಿರುತ್ತದೆ. ಅದನ್ನೂ ಒಪ್ಪಿಕೊಳ್ಳೋಣ.

ಮಹಿಳಾ ಠಾಣೆ ಬಂದರೆ ಎಲ್ಲ ಸರಿಹೋದೀತು ಎನ್ನುವವರಿದ್ದಾರೆ. ದೇಶದ ಮೊದಲ ಮಹಿಳಾ ಠಾಣೆ 1973ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಶುರುವಾಯಿತು. 2017ರಲ್ಲಿ ನೀಲಮಣಿ ರಾಜು ಅವರು ನಮ್ಮ ರಾಜ್ಯ ಪೊಲೀಸಿನ ಮೊದಲ ಮಹಿಳಾ ಮುಖ್ಯಸ್ಥೆಯಾದರು. ಸಂತೋಷವೇ. ಆದರೆ ಕೂಲಿ ಬಿಟ್ಟು ಜಿಲ್ಲಾ ಕೇಂದ್ರದವರೆಗೆ ಹೋಗಲು ಬಸ್ ಚಾರ್ಜಿಲ್ಲದವಳಿಗೆ ಹತ್ತಿರದ ಠಾಣೆಯೇ ಠಾಣೆ. ಅದು ಸರಿಯಾಗಿ ನಡೆಯಬೇಕು.

ಅದಕ್ಕಾಗಿ ನಾವು ತಿಳಿದಿರಬೇಕಾದ ಕೆಲವು ಮಾತುಗಳಿವೆ. ಎಫ್.ಐ.ಆರ್. ಪ್ರತಿಯನ್ನು ದೂರು ಕೊಟ್ಟವಳಿಗೆ ಉಚಿತವಾಗಿ ಕೊಡಬೇಕು. ಘಟನೆ ಯಾವ ಊರಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ವಿಚಾರಿಸಿ ನೋಡುತ್ತೇವೆ ಎಂದರೆ ಹೊಸ ಕಾನೂನಿನಲ್ಲಿ ಅದಕ್ಕೂ ಮಿತಿಯಿದೆ. ಕ್ರೌರ್ಯದ ಕಲಮಿನಂಥ ಅಪರಾಧಗಳಲ್ಲಿ ಡಿ.ವೈ.ಎಸ್.ಪಿ. ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಬೇಕು. ದೂರು ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಎಸ್.ಪಿ.ಯವರಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು, ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು, ಕಾರಣ ನೋಡದೆ ತಟ್ಟನೆ ಬಂಧಿಸಬೇಡಿ ಎಂದು. ದೂರನ್ನೇ ಬರೆದುಕೊಳ್ಳಬೇಡಿ ಎಂದಲ್ಲ.

ಕ್ರೌರ್ಯದ ದೂರನ್ನು ನೊಂದವಳೇ ಕೊಡಬೇಕು, ಇಲ್ಲವೇ ಅವಳ ತಾಯಿತಂದೆ, ಒಡಹುಟ್ಟಿದವರಂಥ ಬಂಧುಗಳು. ಸಂಘದ ನಾವು ಜೊತೆಗೆ ನಿಲ್ಲಬಹುದು. ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು, ನೆರೆಮನೆಯವಳೂ ಸಹ. ತಾಲ್ಲೂಕಿನಲ್ಲಿ ಆ ಅಧಿಕಾರಿ ಬೇರೆ ಯಾರೂ ಅಲ್ಲ, ನಮ್ಮ ಸಿ.ಡಿ.ಪಿ.ಓ. ಸ್ತ್ರೀಶಕ್ತಿ ಸಂಘದ ಕೆಲಸಕ್ಕೆ ನಾವು ಹೋಗುವ ಅದೇ ಕಚೇರಿ! ಸಾಲದ ಕಾಗದಕ್ಕೆ ತುಳಿದ ಆ ಹೊಸ್ತಿಲನ್ನು ಜೀವ ಉಳಿಸಲೂ ತುಳಿಯೋಣ. ತುರ್ತಿಗೆ 112 ಇದೆ, 181 ಇದೆ.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರ ಮುಂದೆ ಶವ ಪಂಚನಾಮೆಯಾಗಬೇಕು, ಮರಣೋತ್ತರ ಪರೀಕ್ಷೆಯಾಗಬೇಕು. ಊರ ಹಿರಿಯರು 'ಬೇಗ ಮಣ್ಣು ಮಾಡಿ' ಎಂದು ಅವಸರಿಸಿದರೆ ಆಗಲೇ ನಾವು ಅಡ್ಡ ನಿಲ್ಲಬೇಕು.

ಆ ತಂಗಿಯ ವಿಷಯ ಹೇಳಿಬಿಡುತ್ತೇನೆ. ಅಂದು ಸಂಜೆಯವರೆಗೆ ಠಾಣೆಯ ಬೇವಿನ ಮರದ ಕೆಳಗೆ ಕೂತೆವು. ಆಸ್ಪತ್ರೆಯ ಚೀಟಿ ತೋರಿಸಿದೆವು. ಕೊನೆಗೆ ಎಫ್.ಐ.ಆರ್. ಆಯಿತು. ಪ್ರತಿಯನ್ನು ಓದಿ ಹೇಳಿದ್ದು ಅಲ್ಲಿಯೇ ಇದ್ದ ಮಹಿಳಾ ಪೇದೆ, ಅವಳ ವಯಸ್ಸಿನವಳೇ. ಗಂಡನ ಮನೆಗೆ ವಾಪಸು ಹೋಗುವೆಯೋ ಇಲ್ಲವೋ ಎಂದು ನಾವು ಕೇಳಲಿಲ್ಲ. ಅದು ಅವಳ ತೀರ್ಮಾನ. ಕಾಗದವನ್ನು ಉಳಿತಾಯದ ಪಾಸ್ ಪುಸ್ತಕದೊಳಗೆ ಮಡಚಿಟ್ಟುಕೊಂಡಳು.

ಪ್ರತಿ ಸಂಘವೂ ಒಂದು ಹೊಸ ಪುಸ್ತಕ ಇಡಲಿ ಎಂಬುದು ನನ್ನ ಮನವಿ. ಯಾವ ದಿನ ಯಾವ ಠಾಣೆಗೆ ಹೋದೆವು, ಯಾರು ಮಾತಾಡಿದರು, ಯಾವ ನಂಬರು ಕೊಟ್ಟರು, ಎಲ್ಲ ಬರೆದಿಡಿ. ನೊಂದವಳ ಹೆಸರು ಹೊರಗೆ ಹೋಗದಂತೆ ಜೋಪಾನ ಮಾಡಿ. ನಾವೂ ಬರೆದುಕೊಳ್ಳುತ್ತಿದ್ದೇವೆ ಎಂದು ಗೊತ್ತಾದರೆ ಠಾಣೆಯಲ್ಲೂ ಸರಿಯಾದ ಪುಸ್ತಕ ತೆರೆಯುತ್ತದೆ. ಮುಂದಿನ ಸಭೆಯಲ್ಲೇ ಠರಾವು ಮಾಡಿ, ನಡಾವಳಿಗೆ ಏರಿಸಿ.