ನಳ ಯಾವಾಗ ಬರುತ್ತದೆ ಎಂದಾದರೂ ಹೇಳಿ, ಸಾಹೇಬರೇ

ನೀರಿನ ಕಚೇರಿಯ ಮಾನ್ಯ ಸಾಹೇಬರೇ,

ಧಾರವಾಡದ ಓಣಿಯೊಂದರಿಂದ ತಮಗೆ ಈ ಮೊದಲು ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸೀಲು ಹಾಕಿದ ಸ್ವೀಕೃತಿ ನನ್ನ ಹತ್ತಿರ ಇದೆ, ಉತ್ತರ ಒಂದಕ್ಕೂ ಬಂದಿಲ್ಲ. ಸಹಾಯವಾಣಿಗೆ ಫೋನ್ ಮಾಡಿ ಮಾಡಿ ಲೆಕ್ಕ ಬಿಟ್ಟಿದ್ದೇನೆ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಊರು ಓದಲಿ.

ನೀರಿನ ಕತೆ ಊರಿಗೆ ಗೊತ್ತಿದ್ದದ್ದೇ. ಎಂಟು ದಿನಕ್ಕೊಮ್ಮೆ ಬಿಡುತ್ತಾರೆ. ಪೈಪ್ ಒಡೆದರೆ, ನೀರೆತ್ತುವ ಜಾಕ್‌ವೆಲ್‌ನಲ್ಲಿ ಕರೆಂಟ್ ಹೋದರೆ ಹತ್ತಾಗುತ್ತದೆ, ಹನ್ನೆರಡಾಗುತ್ತದೆ. ಅದಕ್ಕೆ ನಾವು ಹೊಂದಿಕೊಂಡಿದ್ದೇವೆ. ನನ್ನ ಜಗಳ ಬೇರೆಯದು. ಕಳೆದ ಶ್ರಾವಣದಲ್ಲಿ ನಮ್ಮ ಓಣಿಯ ಗುಡಿಯ ಮುಂದೆ ಸಭೆ ಕರೆದಾಗ ತಾವೇ ಮೈಕ್ ಹಿಡಿದು ಹೇಳಿದಿರಿ: "ನೀರು ಬಿಡೋ ಹಿಂದಿನ ದಿನ ಸಂಜೀಕ ನಿಮ್ಮ ಮೊಬೈಲಿಗೆ ಮೆಸೇಜ್ ಬರ್ತದ. ದಸರಾದೊಳಗ ಚಾಲೂ ಮಾಡ್ತೀವಿ." ತಮ್ಮ ಸಿಬ್ಬಂದಿ ನೋಟ್‌ಬುಕ್ ಹಿಡಿದು ಎಲ್ಲರ ನಂಬರ್ ಬರೆದುಕೊಂಡರು. ನಮ್ಮ ಅತ್ತೆಯವರ ಹತ್ತಿರ ಮೊಬೈಲ್ ಇಲ್ಲ. ಆದರೂ ನನ್ನ ನಂಬರಿನ ಕೆಳಗೆ ತಮ್ಮ ಹೆಸರನ್ನೂ ಬರೆಸಿದರು. ಮನೆಗೆ ಬಂದು, "ಇನ್ನ ರಾತ್ರಿ ನಿದ್ದಿ ಮಾಡಬಹುದವಾ" ಎಂದರು.

ದಸರಾ ಹೋಯಿತು, ದೀಪಾವಳಿ ಹೋಯಿತು. ಮೆಸೇಜ್ ಬರಲಿಲ್ಲ.

ನಳ ಬರುವ ಹೊತ್ತು ತಿಳಿಯದ ಮನೆಯಲ್ಲಿ ರಾತ್ರಿ ಹೇಗಿರುತ್ತದೆ ಎಂದು ತಮಗೆ ಹೇಳಬೇಕು. ಪಾಳಿ ಹತ್ತಿರ ಬಂತೆಂದರೆ ಅತ್ತೆಯವರು ನಳದ ತಿರುವು ಬಿಚ್ಚಿಟ್ಟು, ಅದರ ಕೆಳಗೆ ಸ್ಟೀಲ್ ಕೊಡ ಬೋರಲು ಹಾಕಿ, ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದರು. ನೀರಿಗಿಂತ ಮೊದಲು ಗಾಳಿ ಬರುತ್ತದೆ. ನಳ ಎರಡು ಸಲ ಕೆಮ್ಮುತ್ತದೆ. ಆಮೇಲೆ ಮೊದಲ ಹನಿ ಕೊಡದ ತಳಕ್ಕೆ ಬಿದ್ದು ಟಣ್ ಎನ್ನುತ್ತದೆ. ಆ ಸದ್ದಿಗೆ ಎದ್ದು, ಓಣಿಗೆ ಕೇಳುವಂತೆ "ನಳಾ ಬಂದಾವ್ರೀ" ಎಂದು ಕೂಗಬೇಕು. ಹಳದಿ ಬಣ್ಣದ ಮೊದಲ ಎರಡು ಕೊಡ ಚೆಲ್ಲಬೇಕು. ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿ ಬೇರೆ ಹಿಡಿಯಬೇಕು. ಹಂಡೆ, ಬಕೆಟ್, ಬ್ಯಾರಲ್ ಆದ ಮೇಲೆ ಮೇಲಿನ ಟಾಕಿಗೆ ಪೈಪ್ ಹಚ್ಚಬೇಕು. ಎರಡು ತಾಸಿನೊಳಗೆ ಎಂಟು ದಿನದ ನೀರು ಮನೆ ಸೇರಬೇಕು.

ಕಾರ್ತಿಕದ ಒಂದು ರಾತ್ರಿ ಎರಡೂವರೆಗೆ ಕೊಡ ಸದ್ದು ಮಾಡಿತು. ಎಪ್ಪತ್ತಾರು ವರ್ಷದ ಅತ್ತೆಯವರು ನಮಗಿಂತ ಮೊದಲೇ ಎದ್ದು ಅಂಗಳಕ್ಕೆ ಹೋದರು, ಹಸಿ ಫರ್ಸಿಯ ಮೇಲೆ ಜಾರಿದರು. ನಾನು ಓಡಿ ಬಂದಾಗ ಗೋಡೆಗೆ ಒರಗಿ ಬಿದ್ದಿದ್ದರು. ನನ್ನ ಕೈ ತಳ್ಳಿ, "ಮೊದಲ ನೀರ ಹಿಡೀರಿ, ಆಮ್ಯಾಲ ನನ್ನ ಎತ್ತೀರಿ" ಎಂದರು. ತೊಡೆಯ ಎಲುಬು ಮುರಿದಿತ್ತು. ಆಪರೇಷನ್ ಆಯಿತು, ರಾಡ್ ಹಾಕಿದರು. ಈಗ ವಾಕರ್ ಹಿಡಿದು ಬಚ್ಚಲತನಕ ಹೋಗಿ ಬರುತ್ತಾರೆ.

ಪರಿಹಾರದ ದುಡ್ಡು ಕೇಳಲು ನಾನು ತಮ್ಮ ಕಚೇರಿಗೆ ಬಂದಿರಲಿಲ್ಲ. ಮೆಸೇಜ್ ಏನಾಯಿತು ಎಂದು ಕೇಳಲು ಬಂದಿದ್ದೆ. ಒಂದೂವರೆ ತಾಸು ಬೆಂಚಿನ ಮೇಲೆ ಕುಳಿತ ಮೇಲೆ ಒಳಗೆ ಕರೆದಿರಿ. ಸಭೆಯ ಮಾತು ನೆನಪಿಸಿದೆ, ಅತ್ತೆಯವರ ಸಂಗತಿ ಹೇಳಿದೆ. ತಾವು ಫೈಲಿನಿಂದ ತಲೆ ಎತ್ತದೆ, "ಅಷ್ಟ ವಯಸ್ಸಾದವ್ರನ್ನ ರಾತ್ರಿ ನೀರಿಗೆ ಯಾಕ ಎಬ್ಬಸ್ತೀರಿ?" ಎಂದಿರಿ.

ಆಗ ನನಗೆ ಮಾತು ಹೊರಡಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಕಣ್ಣಲ್ಲಿ ನೀರು ತುಂಬಿಕೊಂಡು ಮೆಟ್ಟಿಲು ಇಳಿದೆ. ಈಗ ಹೇಳುತ್ತೇನೆ. ಅವರನ್ನು ನಾವು ಎಬ್ಬಿಸಲಿಲ್ಲ. ಎಬ್ಬಿಸಿದ್ದು ನೀವು. ಹಿಂದಿನ ಸಂಜೆ ಒಂದು ಸಾಲು ಬಂದಿದ್ದರೆ ನನ್ನ ಗಂಡ ಅಲಾರಂ ಇಟ್ಟುಕೊಂಡು ಏಳುತ್ತಿದ್ದರು, ಅತ್ತೆಯವರು ಒಳಗೆ ಮಂಚದ ಮೇಲೆ ಮಲಗಿರುತ್ತಿದ್ದರು.

ಅದೇ ದಿನ ನಿಮ್ಮ ಪಕ್ಕ ಕುಳಿತಿದ್ದವರು ಮಹದಾಯಿ ನದಿಯ ಮಾತು ತೆಗೆದರು. ಕಳಸಾ-ಬಂಡೂರಿ ಯೋಜನೆ ಆಗುವವರೆಗೆ ತಡೆದುಕೊಳ್ಳಬೇಕಂತೆ. ಮಹದಾಯಿ ನಮಗೂ ಬೇಕು, ಅದಕ್ಕಾಗಿ ಈ ಭಾಗದ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕುಳಿತಿದ್ದಾರೆ. ನ್ಯಾಯಮಂಡಳಿ 2018ರಲ್ಲೇ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಅಡಿ ಕೊಟ್ಟಿದೆ, 2020ರಲ್ಲಿ ಗೆಜೆಟ್ ಕೂಡ ಆಗಿದೆ, ನೀರು ಇನ್ನೂ ಹರಿದಿಲ್ಲ. ಆ ನೋವು ನಮಗೆ ಗೊತ್ತು. ಆದರೆ ಆ ನದಿ ತಿರುಗುವುದಕ್ಕೂ ಒಂದು ಮೆಸೇಜ್ ಕಳಿಸುವುದಕ್ಕೂ ಏನು ಸಂಬಂಧ?

ನೀರೇ ಇಲ್ಲ ಎನ್ನುವ ಮಾತೂ ಪೂರ್ತಿ ನಿಜವಲ್ಲ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ತಾಸು ನೀರು ಕೊಟ್ಟು ತೋರಿಸಿದರು. ನನ್ನ ತಂಗಿಯ ಮನೆ ಅಂಥ ವಾರ್ಡಿನಲ್ಲಿದೆ. ಅವಳ ಅಡಿಗೆ ಮನೆಯಲ್ಲಿ ಕೊಡ ಇಲ್ಲ, ಬ್ಯಾರಲ್‌ನಲ್ಲಿ ಗುಲಾಬಿ ಗಿಡ ಹಚ್ಚಿದ್ದಾಳೆ. ಇಬ್ಬರ ಮನೆಗೂ ಬರುವುದು ಸವದತ್ತಿಯ ರೇಣುಕಾಸಾಗರದ ಮಲಪ್ರಭೆಯ ನೀರೇ. ಅವಳ ಓಣಿಗೆ ಹೊಸ ಪೈಪ್ ಬಂತು, ನಮ್ಮ ಓಣಿಗೆ ಭರವಸೆ ಬಂತು. ಊರಿಗೆಲ್ಲ ವಿಸ್ತರಿಸುತ್ತೇವೆ ಎಂದು ರಸ್ತೆ ಅಗೆದಿರಿ, ಅಗೆದ ತಗ್ಗು ಮಳೆಗಾಲ ದಾಟಿದರೂ ಮುಚ್ಚಲಿಲ್ಲ.

ಮೆಸೇಜ್ ಕಳಿಸುವುದು ಭಾಳ ಕಷ್ಟದ ತಾಂತ್ರಿಕ ಕೆಲಸ ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. 2011ರ ಸುಮಾರಿಗೆ ಇದೇ ಹುಬ್ಬಳ್ಳಿಯಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಣ್ಣ ಸಂಸ್ಥೆ ಆ ಕೆಲಸ ಮಾಡುತ್ತಿತ್ತು. ವಾಲ್ವ್ ತಿರುಗಿಸುವವರು ಫೋನ್ ಮಾಡಿ ತಿಳಿಸುತ್ತಿದ್ದರು, ಆ ಭಾಗದ ಮನೆಗಳಿಗೆ ಎಸ್‌ಎಂಎಸ್ ಹೋಗುತ್ತಿತ್ತು. ಆಗ ಜನರ ಕೈಯಲ್ಲಿದ್ದದ್ದು ಬಟನ್ ಫೋನು. ಈಗ ನೀರಿನ ಬಿಲ್ಲು ತಪ್ಪದೆ ಬರುತ್ತದೆ, ಬಾಕಿಗೆ ನೋಟಿಸೂ ಬರುತ್ತದೆ. ವಸೂಲಿಗೆ ಸಿಗುವ ನಮ್ಮ ವಿಳಾಸ, ನೀರು ಬಿಡುವ ಸುದ್ದಿಗೆ ಯಾಕೆ ಸಿಗುವುದಿಲ್ಲ?

ಇನ್ನೊಂದು ಮಾತು. ಡೆಂಗಿ ಬಂದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ ತಿಕ್ಕಿ ತೊಳೆದು ಒಣಗಿಸಿ ಎನ್ನುತ್ತಾರೆ. ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ಸಾಕು, ಅವರು ಹೇಳುವುದು ಸರಿ. ಆದರೆ ಎಂಟು ದಿನಕ್ಕೊಮ್ಮೆ ನೀರು ಕಾಣುವವರು ಏಳನೇ ದಿನ ಬ್ಯಾರಲ್ ಚೆಲ್ಲುವುದು ಹೇಗೆ? ನಾಳೆ ನೀರು ಖಾತ್ರಿ ಎಂದು ಗೊತ್ತಿದ್ದರೆ ಇವತ್ತೇ ಚೆಲ್ಲಿ ತೊಳೆಯಬಹುದು. ರೋಗ ಸೊಳ್ಳೆಯಿಂದಷ್ಟೇ ಅಲ್ಲ, ನಳದ ನೀರಿನಿಂದಲೂ ಬರುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಅವಳಿ ನಗರದ ಮನೆಗಳನ್ನೇ ಅಭ್ಯಾಸ ಮಾಡಿ 2015ರಲ್ಲಿ ವರದಿ ಪ್ರಕಟಿಸಿದ್ದಾರೆ. ನಿರಂತರ ನೀರಿರುವ ವಾರ್ಡುಗಳ ಬಡವರ ಮನೆಗಳಲ್ಲಿ ಮಕ್ಕಳಿಗೆ ರಕ್ತಭೇದಿ ಕಡಿಮೆ ಇತ್ತು. ಖಾಲಿ ಬಿದ್ದ ಪೈಪಿನೊಳಗೆ ಗಟಾರದ ನೀರು ಸೋರಿ ಬರುತ್ತದೆ, ನಮ್ಮ ಮೊದಲ ಎರಡು ಕೊಡ ಹಳದಿಯಾಗಿರುವುದು ಸುಮ್ಮನೆ ಅಲ್ಲ. ಇನ್ನು ನಾನು ಕಲಿಸುವ ಶಾಲೆಯಲ್ಲಿ ಟಾಕಿ ಬರಿದಾದ ದಿನ ದೊಡ್ಡ ತರಗತಿಯ ಹುಡುಗಿಯರು ಮಧ್ಯಾಹ್ನವೇ ಮನೆಗೆ ಹೋಗುತ್ತಾರೆ. ಕಾರಣ ಕೇಳಿದರೆ ತಲೆ ತಗ್ಗಿಸುತ್ತಾರೆ. ಇದೆಲ್ಲ ನಿಮ್ಮ ಯಾವ ಫೈಲಿನಲ್ಲಿ ಇದೆ?

ಪೈಪ್ ಹಾಕಿ, ತಗ್ಗು ಮುಚ್ಚಿ, ಊರಿಗೆಲ್ಲ ಸಮನಾಗಿ ನೀರು ಕೊಡಿ. ಆದರೆ ಅದಕ್ಕೆಲ್ಲ ಮೊದಲು ಗುಡಿಯ ಮುಂದೆ ಆಡಿದ ಮಾತು ನಡೆಸಿ. ಅದಕ್ಕೆ ಟೆಂಡರ್ ಬೇಡ, ವಿಶ್ವಬ್ಯಾಂಕ್ ಬೇಡ, ಮಹದಾಯಿಯೂ ಬೇಡ. ಆ ನೋಟ್‌ಬುಕ್ ಹುಡುಕಿಸಿ. ಅದರಲ್ಲಿ ನನ್ನ ನಂಬರ್ ಇದೆ, ಕೆಳಗೆ ಅತ್ತೆಯವರ ಹೆಸರಿದೆ.

ಶಿವರಾತ್ರಿ ಹತ್ತಿರ ಬಂತು. ಈಗ ಪಡಸಾಲೆಯಲ್ಲಿ ಮಲಗುವವಳು ನಾನು. ದೀಪ ಹಚ್ಚಿದ ಮೇಲೆ ಅತ್ತೆಯವರು ಒಳಗಿನ ಮಂಚದಿಂದ ದಿನಾ ಕೇಳುತ್ತಾರೆ, "ಮೆಸೇಜ್ ಬಂತೇನವಾ?" ಇವತ್ತಿಗೆ ಒಂಬತ್ತನೇ ದಿನ. ಇಲ್ಲ ಎಂದು ಹೇಳಿ, ಕೊಡ ಬೋರಲು ಹಾಕಿ ಬಂದಿದ್ದೇನೆ.

ಧಾರವಾಡದ ಒಬ್ಬ ಶಿಕ್ಷಕಿ