ಹಿರಿಯರ ಮುನ್ನ ಎಳೆಯರ ಹಾಡು

ಸಂಘವು ಹೆಸರಾಂತ ವಿದ್ವಾಂಸರನ್ನು ಕಛೇರಿಗೆ ಕರೆಸಿದಾಗ, ಮೊದಲ ಅರ್ಧ ಗಂಟೆ ನಮ್ಮ ಉಪ್ಪಲಿನ ಮಕ್ಕಳು ಹಾಡಲಿ ಎಂದರೆ, "ಅಂಥವರೆದುರು ಇವರೇ?" ಎಂಬ ಆಕ್ಷೇಪ ಒಡನೆಯೇ ಏಳುತ್ತದೆ. ನನಗಿದು ಸಮ್ಮತವಲ್ಲ.

ಪುಣೆಯಲ್ಲಿ 1946ರಲ್ಲಿ ಸವಾಯಿ ಗಂಧರ್ವರ ಷಷ್ಟ್ಯಬ್ದಿಯ ಸಂಗೀತ ಸಮಾರಂಭದಲ್ಲಿ ಹಾಡಿ ರಸಿಕರ ಮನಗೆದ್ದ ಅವರ ಶಿಷ್ಯ ಭೀಮಸೇನ ಜೋಶಿಯವರಿಗೆ ಆಗ 25 ವರ್ಷವೂ ತುಂಬಿರಲಿಲ್ಲ. ಕುಂದಗೋಳದ ಗುರು, ಗದಗಿನ ಶಿಷ್ಯ, ವೇದಿಕೆಯಷ್ಟೇ ಪರಊರಿನದು! ಗುರುಗಳು 1952ರಲ್ಲಿ ತೀರಿಕೊಂಡ ಬಳಿಕ, 1953ರಿಂದ ಅವರ ಸ್ಮರಣೆಯ ಉತ್ಸವ ಅಲ್ಲಿಯೇ ಆರಂಭವಾಯಿತು. ಬಹುಕಾಲ ಅದರ ಕೊನೆಯ ಗಾಯನ ಭೀಮಸೇನರದು. ಅವರು ಹಾಡಲಿರುವ ವೇದಿಕೆಯಲ್ಲಿಯೇ ತಾವೂ ಹಾಡಿದ ಎಳೆಯರಿಗೆ ಅದಕ್ಕಿಂತ ಹಿರಿದಾದ ಪರೀಕ್ಷೆ ಯಾವುದಿದ್ದೀತು?

ಮೊದಲು ಹಾಡುವವರ ಪಾಡು ಸುಲಭದ್ದಲ್ಲ. ಮೈಕು ಹದಕ್ಕೆ ಬಂದಿರುವುದಿಲ್ಲ, ಕುರ್ಚಿಗಳು ತುಂಬಿರುವುದಿಲ್ಲ, ಗಂಟಲು ಒಣಗಿರುತ್ತದೆ. ಇದರ ಮೇಲೆ ನಮ್ಮ ಸ್ವಾಗತ, ಪ್ರಾಸ್ತಾವಿಕ, ಸನ್ಮಾನಗಳು ಆ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸುತ್ತವೆ. ಬ್ಯಾಂಕಿನವನಾದ ನನ್ನ ಕಣ್ಣಿಗೆ ಇದು ಪರರ ಖಾತೆಯಿಂದ ಹಣ ತೆಗೆದಂತೆಯೇ ಸರಿ. ಸಮಯ ಸಾಲದಿದ್ದರೆ ಭಾಷಣ ಕಡಿತವಾಗಲಿ.

ಮಕ್ಕಳಿಗೂ ಒಂದು ಮಾತು: ಅತಿಥಿಗಳು ವಿಸ್ತರಿಸಲಿರುವ ರಾಗವನ್ನು ಮೊದಲೇ ಕೇಳಿ ತಿಳಿದು ಅದನ್ನು ಬಿಟ್ಟುಬಿಡಿ, ಚಿಕ್ಕದಾದುದನ್ನು ಚೊಕ್ಕವಾಗಿ ಹಾಡಿ. ಅತಿಥಿಗಳನ್ನು ಆ ವೇಳೆಗೆ ಕರೆತಂದು ಮುಂದಿನ ಸಾಲಿನಲ್ಲಿ ಕುಳ್ಳಿರಿಸುವ ಹೊಣೆ ಕಾರ್ಯದರ್ಶಿಗಳದು. ನಾವು ಸದಸ್ಯರೋ, ಉಪಾಹಾರದ ಮೇಜನ್ನು ಬಿಟ್ಟು ಸಕಾಲಕ್ಕೆ ಒಳಗೆ ಬಂದು ಕುಳಿತರೆ ಸಾಕು.